ಬೂದು ಮಂಗಟ್ಟೆಯೂ ಪೊಟರೆಯ ಮರಗಳೂ

ಹಾಸನದ ಜಿಲ್ಲೆಯಲ್ಲಿ ಎರಡು ಬಗೆಯ ಸೀಮೆಗಳಿರುವುದು ಸರ್ವರಿಗೂ ತಿಳಿದ ವಿಷಯವಾಗಿದೆ. ಪಶ್ಚಿಮಕ್ಕೆ ಸಕಲೇಶಪುರದ ಕಡೆ ಘಟ್ಟದ ಕಾಡುಗಳೂ ಕಾಫಿಯ ತೋಟಗಳೂ ಇರುವ ಮಲೆನಾಡು. ಪೂರ್ವಕ್ಕೆ ರಾಗಿ, ತೆಂಗು, ಭತ್ತಗಳನ್ನು ಬೆಳೆಯುವ ಮೈದಾನ ಸೀಮೆ. ಹಾಸನ, ಅರಕಲಗೂಡು ತಾಲ್ಲೂಕುಗಳು ಇವೆರಡರ ನಡುವೆ ಅರೆಮಲೆನಾಡಿನಂತಿವೆ. ಹೊಳೆನರಸೀಪುರ, ಚನ್ನರಾಯಪಟ್ಟಣಗಳು ಮೈದಾನಕ್ಕೆ ಸೇರಿವೆ. ಈ ನಾಲ್ಕು ತಾಲ್ಲೂಕುಗಳ ಗ್ರಾಮ ಮುಖಂಡರಿಗೂ ಜಮೀನುದಾರರಿಗೂ ಘಟ್ಟದ ಕಾಡಿನ ಒಂದು ಹಕ್ಕಿಯ ವಿಷಯವನ್ನು ಏಕೆ ಹೇಳಬೇಕೆಂದು ಕೆಲವರು ಕೇಳಬಹುದು. ಆ ಹಕ್ಕಿಯ ಅಳಿವು ಉಳಿವುಗಳು ಸರ್ಕಾರದ ಕಾಡಿನಲ್ಲಿ ಮಾತ್ರ ನಿರ್ಣಯವಾಗತಕ್ಕವಲ್ಲ. ಖಾಸಗಿ ಹಿಡುವಳಿಯ ಮರಗಳ ಮೇಲೆಯೂ ಅವು ನಿಂತಿವೆ. ಅಂತಹ ಮರಗಳನ್ನು ಕಡಿಯುವುದೂ ಬಿಡುವುದೂ ಜಮೀನುದಾರನ ಕೈಯಲ್ಲಿದೆ. ಈ ತಾಲ್ಲೂಕುಗಳ ಅನೇಕರಿಗೆ ಮೇಲಣ ಸೀಮೆಯಲ್ಲಿ ತೋಟಗಳೂ ನಂಟಸ್ತಿಕೆಗಳೂ ಉಂಟು. ತೋಟವಿಲ್ಲದವರು ಕೂಡ ಆ ಸೀಮೆಯ ನೀರನ್ನೂ ಮರವನ್ನೂ ಬಳಸುವವರೇ ಆಗಿದ್ದಾರೆ. ಆದುದರಿಂದ ಈ ವಿಷಯವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ವಿವರಿಸಲಾಗಿದೆ.

ಹಕ್ಕಿಯ ಗುರುತು

ಉದ್ದವಾಗಿ ಬಾಗಿದ ದೊಡ್ಡ ಕೊಕ್ಕಿನ ಹಕ್ಕಿಗಳನ್ನು ಕನ್ನಡದಲ್ಲಿ ಮಂಗಟ್ಟೆಗಳೆಂದು ಕರೆಯುತ್ತಾರೆ. ಭಾರತದಲ್ಲಿ ಈ ಕುಲದ ಒಂಬತ್ತು ಜಾತಿಗಳಿವೆ. ಅವುಗಳಲ್ಲಿ ನಾಲ್ಕು ಪಶ್ಚಿಮ ಘಟ್ಟದ ಸೀಮೆಯಲ್ಲಿ ಕಾಣಬರುತ್ತವೆ. ತಲೆಯ ಮೇಲೆ ಹಳದಿಯ ಕಿರೀಟವನ್ನು ಹೊತ್ತಂತೆ ತೋರುವ ದೊಡ್ಡ ಮಂಗಟ್ಟೆಯನ್ನು ಬಹು ಜನರು ಚಿತ್ರಗಳಲ್ಲಾದರೂ ನೋಡಿರುವರು. ಈ ಲೇಖನದ ವಿಷಯವಾದ ಹಕ್ಕಿಯು ಅದಲ್ಲ. ಇದು ಅದಕ್ಕಿಂತ ಬಹು ಚಿಕ್ಕದಾದ ಮಲಬಾರ್ ಬೂದು ಮಂಗಟ್ಟೆ. ಶಾಸ್ತ್ರಜ್ಞರು ಇದನ್ನು ಒಸಿಸೆರೋಸ್ ಗ್ರಿಸಿಯಸ್ ಎಂದು ಹೆಸರಿಸಿದ್ದಾರೆ.

ಇದರ ಉದ್ದವು ಒಂದೂವರೆ ಅಡಿಯಿಂದ ಎರಡು ಅಡಿಯೊಳಗೆ ಇರುವುದು. ಮೈ ಬೂದು ಬಣ್ಣ; ಕಣ್ಣಿನ ಮೇಲೆ ಹುಬ್ಬಿನಂತೆ ಅಗಲವಾದ ಬಿಳಿಚು ಪಟ್ಟೆ; ಬಾಲ ಉದ್ದ. ದೊಡ್ಡ ಮಂಗಟ್ಟೆಗಿರುವ ಕಿರೀಟವು ಇದರ ಕೊಕ್ಕಿನ ಮೇಲೆ ಇಲ್ಲ. ಗಂಡಿನ ಕೊಕ್ಕು ಕಿತ್ತಳೆಯ ಬಣ್ಣವಾಗಿ ತುದಿಯಲ್ಲಿ ಹಳದಿಯಾಗಿರುತ್ತದೆ. ಹೆಣ್ಣಿನದು ಮಾಸಿದ ಹಳದಿಯಾಗಿದ್ದು ಕೆಳಕೊಕ್ಕಿನ ಬುಡದಲ್ಲಿ ಕಪ್ಪು ಮಚ್ಚೆಯಿರುವುದು. ಇದು ಎತ್ತರವಾದ ಮರಗಳ ಮೇಲುಭಾಗದಲ್ಲಿ ಜೋಡಿಯಾಗಿಯೋ ಚಿಕ್ಕ ಗುಂಪಾಗಿಯೋ ಸಂಚರಿಸುತ್ತದೆ. ಯಾರೋ ಗಹಗಹಿಸಿ ನಕ್ಕಂತೆ ಕೇಳುವ ಇದರ ಕೂಗಿನಿಂದಲೇ ತೋಟದ ಆಳುಗಳು ಇದನ್ನು ಗುರುತಿಸುವುದುಂಟು.

ಇದರ ವಾಸಸ್ಥಾನವು ಬಹು ಸಂಕುಚಿತವಾದುದು. ಮಹಾರಾಷ್ಟ್ರದಿಂದ ಗೋವಾ, ಕರ್ನಾಟಕ, ಕೇರಳ, ತಮಿಳುನಾಡುಗಳವರೆಗೆ ಚಾಚಿರುವ ಪಶ್ಚಿಮ ಘಟ್ಟವನ್ನೂ ಅದಕ್ಕೆ ಸೇರಿದ ಗುಡ್ಡಗಳನ್ನೂ ಬಿಟ್ಟರೆ ಪ್ರಪಂಚದ ಬೇರೆ ಯಾವ ಭಾಗದಲ್ಲಿಯೂ ಇದು ಇಲ್ಲ. ಸಿಂಹಳದ ಬೂದು ಮಂಗಟ್ಟೆಯನ್ನು ಹಿಂದೆ ಇದರ ಜೊತೆಗೆ ಒಂದೇ ಜಾತಿಯೆಂದು ಎಣಿಸುತ್ತಿದ್ದರು. ಈಗ ಅದನ್ನು ಬೇರೆ ಜಾತಿಯೆಂದು ತಿಳಿಯಲಾಗಿದೆ. ಕಾಗೆ, ಗೊರವಂಕಗಳಂತೆ ಎಲ್ಲೆಡೆಯಲ್ಲಿಯೂ ಇರುವ ಹಕ್ಕಿಯು ಒಂದು ಸೀಮೆಯಲ್ಲಿ ಕಡಿಮೆಯಾದರೆ ಇನ್ನೊಂದು ಸೀಮೆಯಲ್ಲಿ ಉಳಿದಿರುವುದು. ಇದಕ್ಕೆ ಹಾಗಿಲ್ಲ. ಘಟ್ಟದಲ್ಲಿ ಹೋದರೆ ಪ್ರಪಂಚದಿಂದಲೇ ಹೋದಂತೆ.

ಹಾಸನದ ಜಿಲ್ಲೆಯಲ್ಲಿ ಬಿಸಿಲೆ ಮೊದಲಾದ ಘಟ್ಟದ ಕಾಡುಗಳೂ ಸಕಲೇಶಪುರದ ಕಡೆಯ ನೆರಳಿನ ತೋಟಗಳೂ ಇದಕ್ಕೆ ತಕ್ಕ ಸೀಮೆಯಾಗಿವೆ. ದಟ್ಟವಾದ ಕಾಡೊಂದೇ ಅಲ್ಲದೆ ಹಳೆಯ ಮರಗಳುಳ್ಳ ಕಾಫಿಯ ತೋಟಗಳಲ್ಲಿಯೂ ಅಡಿಕೆಯ ತೋಟಗಳ ಅಂಚಿನಲ್ಲಿಯೂ ಇದು ಬಾಳಬಲ್ಲದು. ಜಮೀನುದಾರರ ಸಹಾಯವು ಇದಕ್ಕೆ ಇಷ್ಟು ಅವಶ್ಯವಾಗಿರುವುದಕ್ಕೆ ಇದೇ ಕಾರಣ.

ಗೂಡಿನ ಕ್ರಮ

ಈ ಹಕ್ಕಿಯು ಸಂತಾನವನ್ನು ಬೆಳೆಸುವ ಕ್ರಮವು ವಿಚಿತ್ರವಾದುದು. ಅದನ್ನು ತಿಳಿದವರಿಗೆ ಮಾತ್ರ ಇದರ ಸಂಖ್ಯೆಯು ಇಳಿಯುವ ಬಗೆಯು ಅರ್ಥವಾಗುವುದು.

ಗೂಡು ಕಟ್ಟುವ ಕಾಲವು ಸುಮಾರಾಗಿ ಜನವರಿಯಿಂದ ಮೇ ತಿಂಗಳವರೆಗೆ. ಈ ಹಕ್ಕಿಯು ಕಡ್ಡಿಗಳನ್ನು ತಂದು ಗೂಡನ್ನು ಹೆಣೆಯುವುದಿಲ್ಲ. ಮರಕುಟಿಗನಂತೆ ಮರವನ್ನು ಕೊರೆಯುವ ಶಕ್ತಿಯೂ ಇದಕ್ಕಿಲ್ಲ. ಕೊಂಬೆ ಮುರಿದ ಸ್ಥಳದಲ್ಲಿ ಕೊಳೆತು ಆದ ಪೊಟರೆಯನ್ನಾಗಲಿ, ಇತರ ಹಕ್ಕಿಗಳು ಕೊರೆದು ಬಿಟ್ಟು ಕಾಲಕ್ರಮದಲ್ಲಿ ದೊಡ್ಡದಾದ ತೂತನ್ನಾಗಲಿ ಇದು ಹುಡುಕಿಕೊಳ್ಳಬೇಕು. ಹೆಣ್ಣು ಹಕ್ಕಿಯು ಆ ಪೊಟರೆಯೊಳಗೆ ಹೊಕ್ಕು ತನ್ನ ಹಿಕ್ಕೆಯಿಂದಲೂ ಆಹಾರದ ಶೇಷದಿಂದಲೂ ಬಾಗಿಲನ್ನು ಮೆತ್ತಿ ಮುಚ್ಚಿಕೊಳ್ಳುತ್ತದೆ. ಕೊಕ್ಕಿನ ತುದಿಯು ಹೊರಬರುವಷ್ಟು ಕಿರಿದಾದ ಒಂದು ಸೀಳು ಮಾತ್ರ ಉಳಿಯುವುದು. ಹಾವು ಮೊದಲಾದ ಶತ್ರುಗಳಿಂದ ಇದು ರಕ್ಷಣೆ. ಒಳಗೆ ಹೆಣ್ಣು ಮೂರು ನಾಲ್ಕು ಬಿಳಿಯ ಮೊಟ್ಟೆಗಳನ್ನಿಟ್ಟು ಕಾವು ಕೊಡುತ್ತದೆ. ಆ ಕಾಲದಲ್ಲಿಯೇ ಅದರ ರೆಕ್ಕೆಯ ಗರಿಗಳು ಉದುರಿ ಹೊಸವು ಬರುತ್ತವೆ; ಅಷ್ಟು ದಿನ ಅದು ಹಾರಲಾರದು.

ಹೊರಗಿರುವ ಗಂಡು ಹಕ್ಕಿಯೊಂದೇ ಕುಟುಂಬಕ್ಕೆಲ್ಲ ಆಧಾರ. ಅದು ಕಾಡಿನ ಹಣ್ಣುಗಳನ್ನು ನುಂಗಿ ಗಂಟಲಲ್ಲಿ ತುಂಬಿಕೊಂಡು ಬಂದು, ಒಂದೊಂದಾಗಿ ಹೊರತೆಗೆದು ಸೀಳಿನ ಮೂಲಕ ಹೆಣ್ಣಿಗೆ ಕೊಡುತ್ತದೆ. ಮರಿಗಳಾದ ಮೇಲೆ ಹುಳು, ಹಲ್ಲಿಗಳನ್ನೂ ತರುವುದು. ದಿನಕ್ಕೆ ಅನೇಕ ಸಲ, ಸುಮಾರು ಮೂರು ತಿಂಗಳ ಕಾಲ ಈ ಕೆಲಸವು ನಡೆಯಬೇಕು. ಮುಂಗಾರು ಹಿಡಿಯುವುದಕ್ಕೆ ಮುಂಚೆ ಮರಿಗಳು ಹೊರಬೀಳುತ್ತವೆ. ಒಳ್ಳೆಯ ಪೊಟರೆಯು ಸಿಕ್ಕಿದರೆ ಅದೇ ಮರಕ್ಕೆ ವರ್ಷ ವರ್ಷವೂ ಹಿಂದಿರುಗುತ್ತವೆ.

ಇದರಿಂದ ಮೂರು ವಿಷಯಗಳು ತಿಳಿದುಬರುತ್ತವೆ. ಮೊದಲನೆಯದು, ಪೊಟರೆಯಿಲ್ಲದಿದ್ದರೆ ಈ ಹಕ್ಕಿಗೆ ಸಂತಾನವಿಲ್ಲ. ಎರಡನೆಯದು, ಗೂಡಿನ ಕಾಲದಲ್ಲಿ ಒಂದು ಗಂಡು ಹಕ್ಕಿಯನ್ನು ಹೊಡೆದರೆ ಒಳಗಿರುವ ತಾಯಿಗೂ ಮರಿಗಳಿಗೂ ಹಸಿವೇ ಗತಿ. ಮೂರನೆಯದು, ಆ ಕಾಲದಲ್ಲಿ ಗೂಡಿನ ಮರವನ್ನು ಉರುಳಿಸಿದರೆ, ಹಾರಲಾರದ ತಾಯಿಯು ಮರಿಗಳೊಡನೆ ಮರದೊಳಗೇ ಸಿಕ್ಕಿಬೀಳುವುದು.

ಪಟ್ಟಿಯಲ್ಲಿ ಈ ಹಕ್ಕಿಯ ಸ್ಥಾನ

ಪ್ರಪಂಚದ ಪ್ರಾಣಿ ಸಸ್ಯಗಳಲ್ಲಿ ಯಾವುವು ಎಷ್ಟು ಅಪಾಯದಲ್ಲಿವೆಯೆಂಬುದನ್ನು ಪರಿಶೀಲಿಸಿ ಪ್ರಕಟಿಸುವ ಕೆಲಸವನ್ನು ೧೯೪೮ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ನಡೆಯಿಸುತ್ತಿದೆ. ಇದಕ್ಕೆ ಕೆಂಪು ಪಟ್ಟಿಯೆಂದು ಹೆಸರು. ಹಕ್ಕಿಗಳ ವಿಷಯದಲ್ಲಿ ಪರಿಶೀಲನೆಯನ್ನು ಮಾಡುವ ಸಂಸ್ಥೆಯು ಬರ್ಡ್‌ಲೈಫ್ ಇಂಟರ್ನ್ಯಾಷನಲ್. ಕಳವಳಕ್ಕೆ ಕಾರಣವಿಲ್ಲದವು, ಅಪಾಯದ ಅಂಚಿಗೆ ಬಂದವು, ಅಪಾಯಕ್ಕೆ ಗುರಿಯಾದವು, ಹೆಚ್ಚಿನ ಅಪಾಯದಲ್ಲಿರುವವು, ಅತಿ ತೀವ್ರವಾದ ಅಪಾಯದಲ್ಲಿರುವವು ಎಂದು ಈ ಪಟ್ಟಿಯಲ್ಲಿ ಮೆಟ್ಟಿಲುಗಳಿವೆ. ಅವುಗಳ ಮೇಲೆ ನಿರ್ನಾಮವಾದವುಗಳ ಪಟ್ಟಿ.

ಬೂದು ಮಂಗಟ್ಟೆಯು ೨೦೨೦ಕ್ಕೆ ಮುಂಚೆ ಕಳವಳಕ್ಕೆ ಕಾರಣವಿಲ್ಲದ ಹಕ್ಕಿಗಳಲ್ಲಿ ಸೇರಿತ್ತು. ಆ ವರ್ಷದಲ್ಲಿ ಅದನ್ನು ನಡುವಿನ ಒಂದು ಮೆಟ್ಟಿಲನ್ನು ದಾಟಿಸಿ ನೇರವಾಗಿ ಅಪಾಯಕ್ಕೆ ಗುರಿಯಾದ ಹಕ್ಕಿಗಳ ವರ್ಗಕ್ಕೆ ಏರಿಸಲಾಯಿತು. ಇದರ ಸಂಖ್ಯೆಯು ವೇಗವಾಗಿ ಇಳಿಯುತ್ತಿದೆಯೆಂಬ ನಿರ್ಣಯವೇ ಈ ಬದಲಾವಣೆಗೆ ಆಧಾರ. ಹತ್ತು ವರ್ಷಗಳು ಅಥವಾ ಮೂರು ತಲೆಮಾರುಗಳು, ಇವೆರಡರಲ್ಲಿ ಯಾವುದು ದೀರ್ಘವೋ ಅಷ್ಟು ಕಾಲದಲ್ಲಿ ಒಂದು ಜಾತಿಯು ಶೇಕಡಾ ೩೦ಕ್ಕೆ ಕಡಿಮೆಯಿಲ್ಲದಂತೆ ಇಳಿದರೆ ಅದನ್ನು ಈ ವರ್ಗಕ್ಕೆ ಸೇರಿಸಬಹುದೆಂದು ಪಟ್ಟಿಯ ನಿಯಮವಿದೆ.

ಇಲ್ಲಿ ಗಮನಿಸಬೇಕಾದ ಅಂಶವೊಂದುಂಟು. ಹಕ್ಕಿಯು ಇನ್ನೂ ಕಣ್ಣಿಗೆ ಬೀಳುತ್ತಿದೆ. ತೋಟಕ್ಕೆ ಹೋದವರು ಅದರ ಕೂಗನ್ನು ಕೇಳುತ್ತಿದ್ದಾರೆ. ಆದುದರಿಂದ ಅದಕ್ಕೆ ಅಪಾಯವಿದೆಯೆಂದರೆ ಅನೇಕರು ನಂಬುವುದಿಲ್ಲ. ದೀರ್ಘಾಯುಷ್ಯದ ಪ್ರಾಣಿಗಳಲ್ಲಿ ಈ ಮೋಸವು ಸಹಜ. ಪೊಟರೆಗಳು ಹೋದ ಮೇಲೆಯೂ ಬೆಳೆದ ಹಕ್ಕಿಗಳು ಕೆಲವು ವರ್ಷ ಬದುಕಿ ಹಾರಾಡುತ್ತಲೇ ಇರುತ್ತವೆ. ಅವುಗಳ ಸ್ಥಾನವನ್ನು ತುಂಬುವ ಮರಿಗಳು ಮಾತ್ರ ಹುಟ್ಟುವುದಿಲ್ಲ. ಸುಗ್ಗಿಯ ತನಕ ಕಣಜದಲ್ಲಿ ರಾಗಿಯಿದ್ದರೂ ಬಿತ್ತನೆಯ ಬೀಜವನ್ನು ತಿಂದುಬಿಟ್ಟ ಮನೆಯ ಸ್ಥಿತಿಯು ಹೇಗೋ ಹಾಗೆ.

ಇಂತಹ ಇಳಿತವನ್ನು ಕಂಡುಹಿಡಿಯಲು ಬಹು ವರ್ಷಗಳ ಲೆಕ್ಕ ಬೇಕು. ನಮ್ಮ ಸೀಮೆಯಲ್ಲಿ ೧೯೩೯-೪೦ರಲ್ಲಿಯೇ ಡಾಕ್ಟರ್ ಸಾಲಿಂ ಅಲಿಯವರು ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಯನ್ನು ನಡೆಯಿಸಿದರು. ಈಗ ದೇಶದ ನಾನಾ ಕಡೆ ಸಾಮಾನ್ಯ ಜನರೂ ತಾವು ಕಂಡ ಹಕ್ಕಿಗಳನ್ನು ದಿನಾಂಕ, ಸ್ಥಳಗಳೊಡನೆ ಬರೆದಿಡುತ್ತಿದ್ದಾರೆ. ಭಾರತದ ಹಕ್ಕಿಗಳ ಸ್ಥಿತಿಯನ್ನು ಕುರಿತು ೨೦೨೩ರಲ್ಲಿ ಪ್ರಕಟವಾದ ವರದಿಯು ಸುಮಾರು ೩೦,೦೦೦ ವೀಕ್ಷಕರ ದಾಖಲೆಗಳಿಂದ ಸಿದ್ಧವಾದುದು. ಅದರಲ್ಲಿ ೯೪೨ ಜಾತಿಗಳನ್ನು ಪರಿಶೀಲಿಸಿ, ೧೭೮ ಜಾತಿಗಳಿಗೆ ಹೆಚ್ಚಿನ ಗಮನವನ್ನು ಕೊಡಬೇಕೆಂದು ಸೂಚಿಸಲಾಗಿದೆ.

ಇಳಿತಕ್ಕೆ ಕಾರಣಗಳು

ಘಟ್ಟದ ಕಾಡು ಕಡಿಮೆಯಾದುದೂ, ರಸ್ತೆ, ಜಲವಿದ್ಯುತ್ ಮೊದಲಾದ ಕೆಲಸಗಳಿಂದ ಅದು ತುಂಡುತುಂಡಾದುದೂ ಮೊದಲನೆಯ ಕಾರಣವೆಂಬುದರಲ್ಲಿ ಸಂದೇಹವಿಲ್ಲ. ಅವುಗಳ ವಿಚಾರವು ಸರ್ಕಾರಕ್ಕೆ ಸೇರಿದ್ದು. ಜಮೀನುದಾರರಿಗೆ ಸಂಬಂಧಪಟ್ಟ ಕಾರಣಗಳನ್ನು ಮಾತ್ರ ಇಲ್ಲಿ ವಿವರಿಸಿದೆ.

ಹಿಂದಿನವರು ಕಾಫಿಯನ್ನು ಹಾಕುವಾಗ ಕಾಡನ್ನು ಪೂರ್ತಿಯಾಗಿ ಕಡಿಯದೆ, ದೊಡ್ಡ ಮರಗಳನ್ನು ನೆರಳಿಗಾಗಿ ಉಳಿಸಿಕೊಂಡರು. ಅತ್ತಿ, ಬಸರಿ, ಗೋಣಿ, ಹಲಸು, ನೇರಳೆ ಮೊದಲಾದ ಮರಗಳು ಹೀಗೆ ತೋಟಗಳಲ್ಲಿ ನಿಂತವು. ಈ ಮರಗಳಿದ್ದುದರಿಂದಲೇ ಮಂಗಟ್ಟೆಯು ತೋಟದಲ್ಲಿಯೂ ಬಾಳಿತು. ಕಾಲಕ್ರಮದಲ್ಲಿ ಇವು ಬಿದ್ದಾಗಲೂ ಕಡಿದಾಗಲೂ ಅವುಗಳ ಸ್ಥಾನಕ್ಕೆ ಸಿಲ್ವರ್ ಓಕ್ ಮರವು ಬಂದಿತು. ಆಸ್ಟ್ರೇಲಿಯಾದಿಂದ ಬಂದ ಈ ಮರವು ಬೇಗ ಬೆಳೆಯುತ್ತದೆ, ನೆಟ್ಟಗೆ ನಿಲ್ಲುತ್ತದೆ, ಮೆಣಸಿನ ಬಳ್ಳಿಗೆ ಆಸರೆಯಾಗುತ್ತದೆ, ಮರಕ್ಕೆ ಬೆಲೆಯೂ ಬರುವುದು. ಇದಲ್ಲದೆ ೧೯೭೬ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯ ಪ್ರಕಾರ ಇತರ ಅನೇಕ ಮರಗಳನ್ನು ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ಸಿಲ್ವರ್ ಓಕಿಗೆ ವಿನಾಯಿತಿಯಿದೆ. ಆದುದರಿಂದ ತೋಟಗಾರರು ಅದನ್ನು ಇಷ್ಟಪಟ್ಟುದರಲ್ಲಿ ಆಶ್ಚರ್ಯವಿಲ್ಲ. ಆದರೆ ಅದರ ಕಾಯಿ ಒಣಗಿ ಒಡೆದು, ರೆಕ್ಕೆಯುಳ್ಳ ಬೀಜಗಳು ಗಾಳಿಯಲ್ಲಿ ಹಾರಿಹೋಗುವುವು. ಮಂಗಟ್ಟೆಯು ನುಂಗುವ ತಿರುಳಿನ ಹಣ್ಣು ಅದರಲ್ಲಿಲ್ಲ. ಪೊಟರೆ ಬೀಳುವಷ್ಟು ವಯಸ್ಸಾಗುವ ಮುನ್ನವೇ ಅದನ್ನು ಕಡಿದು ಮಾರುತ್ತಾರೆ. ಸಿಲ್ವರ್ ಓಕ್ ಒಂದೇ ಇರುವ ತೋಟವು ದೂರದಿಂದ ಹಸಿರಾಗಿ ಕಂಡರೂ ಈ ಹಕ್ಕಿಗೆ ಅಲ್ಲಿ ಊಟವೂ ಇಲ್ಲ, ಮನೆಯೂ ಇಲ್ಲ.

ಎರಡನೆಯ ಕಾರಣವು ಪೊಳ್ಳು ಮರದ ವಿಷಯದಲ್ಲಿರುವ ಅಸಡ್ಡೆ. ಒಳಗೆ ಟೊಳ್ಳಾದ ಮರಕ್ಕೆ ಮರದ ವ್ಯಾಪಾರಿಯು ಬೆಲೆ ಕೊಡುವುದಿಲ್ಲ. ಆದುದರಿಂದ ಮನೆಗೆ ಸೌದೆ ಬೇಕಾದಾಗ ಮೊದಲು ಕಡಿಯುವುದು ಅದನ್ನೇ. ಅತ್ತಿ, ಬಸರಿಗಳಂತಹ ಮೆದು ಮರಗಳಿಗೂ ಇದೇ ಗತಿ. ಒಂದು ಮರವು ಮಂಗಟ್ಟೆಗೆ ತಕ್ಕಷ್ಟು ದಪ್ಪವಾಗಿ ಪೊಟರೆ ಬೀಳಲು ಮನುಷ್ಯನ ಒಂದು ಜೀವಮಾನವೇ ಹಿಡಿಯಬಹುದು. ಅದನ್ನು ಕಡಿಯಲು ಒಂದು ಗಳಿಗೆ ಸಾಕು. ಈ ದಿನ ಸಸಿಯನ್ನು ನೆಟ್ಟರೂ ನಷ್ಟವು ನಮ್ಮ ಕಾಲದಲ್ಲಿ ತುಂಬುವುದಿಲ್ಲ.

ಮೂರನೆಯ ಕಾರಣವು ಕೆಲಸದ ಕಾಲಕ್ಕೆ ಸಂಬಂಧಿಸಿದುದು. ಕಾಫಿಯ ಕೊಯ್ಲು ಮುಗಿದ ಮೇಲೆ, ಮಳೆಗಾಲಕ್ಕೆ ಮುಂಚೆ, ನೆರಳನ್ನು ಹದಗೊಳಿಸುವ ಮರಗಸಿಯನ್ನು ಮಾಡುವುದು ತೋಟಗಳ ಪದ್ಧತಿ. ಆ ತಿಂಗಳುಗಳೇ ಮಂಗಟ್ಟೆಯ ಗೂಡಿನ ತಿಂಗಳುಗಳು. ಮರ ಹತ್ತುವ ಆಳಿಗೆ ಸೂಚನೆಯಿಲ್ಲದಿದ್ದರೆ, ತಿಳಿಯದೆಯೇ ಒಂದು ಸಂಸಾರವು ಹಾಳಾಗುವುದು.

ರೈತನಿಗೆ ಇದರಿಂದ ಏನು

ಈ ಹಕ್ಕಿಯು ಹಣ್ಣನ್ನು ಇಡಿಯಾಗಿ ನುಂಗಿ, ತಿರುಳನ್ನು ಜೀರ್ಣಿಸಿಕೊಂಡು, ಬೀಜವನ್ನು ಕೆಡಿಸದೆ ದೂರದಲ್ಲಿ ಉಗುಳುವುದು ಅಥವಾ ಹಿಕ್ಕೆಯಲ್ಲಿ ಹಾಕುವುದು. ಚಿಕ್ಕ ಹಕ್ಕಿಗಳು ನುಂಗಲಾರದ ದಪ್ಪ ಬೀಜದ ಹಣ್ಣುಗಳನ್ನು ಮಂಗಟ್ಟೆಗಳು ನುಂಗಬಲ್ಲವು. ರಾಮಪತ್ರೆಯ ಜಾತಿಯ ಮರಗಳೂ ಗುಳಮಾವಿನಂತಹ ಮರಗಳೂ ತಾಯಿಮರದ ಬುಡವನ್ನು ಬಿಟ್ಟು ದೂರದಲ್ಲಿ ಹುಟ್ಟಬೇಕಾದರೆ ಇಂತಹ ಬಿತ್ತುವವರು ಅವಶ್ಯ. ಕಾಡಿನ ಕೆಲವು ಮುಖ್ಯವಾದ ಮರಗಳಿಗೆ ಇದು ಕೂಲಿಯಿಲ್ಲದ ಬಿತ್ತನೆಗಾರ. ಕಾಫಿಯ ಬೆಳೆಗೆ ಗಣನೀಯವಾದ ಹಾನಿಯನ್ನು ಮಾಡುವ ಹಕ್ಕಿಗಳಲ್ಲಿ ಇದನ್ನು ಎಣಿಸುವುದಿಲ್ಲ. ಮರಿಗಳ ಕಾಲದಲ್ಲಿ ಇದು ಹುಳುಗಳನ್ನೂ ಹಿಡಿದು ತಿನ್ನುತ್ತದೆ.

ಹೇಮಾವತಿಯು ಚಿಕ್ಕಮಗಳೂರಿನ ಮಲೆನಾಡಿನಲ್ಲಿ ಹುಟ್ಟಿ, ಸಕಲೇಶಪುರದ ಮೂಲಕ ಹರಿದು, ಯಗಚಿಯನ್ನು ಕೂಡಿಸಿಕೊಂಡು ಹಾಸನದ ತಾಲ್ಲೂಕಿನ ಗೊರೂರಿಗೆ ಬರುತ್ತದೆ. ಅಲ್ಲಿಯ ಅಣೆಕಟ್ಟು ೧೯೭೯ರಲ್ಲಿ ಪೂರ್ತಿಯಾಯಿತು. ಅದರ ಕಾಲುವೆಗಳಿಂದ ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣಗಳ ಕಡೆಯ ಜಮೀನುಗಳಿಗೆ ನೀರು ಬರುತ್ತಿದೆ. ಮಳೆಯ ನೀರು ಒಮ್ಮೆಗೇ ಕೊಚ್ಚಿಹೋಗದೆ ನೆಲಕ್ಕೆ ಇಂಗಿ, ಮಳೆ ನಿಂತ ಮೇಲೆಯೂ ತೊರೆಗಳಲ್ಲಿ ಒಸರುವುದಕ್ಕೆ ಮೇಲಣ ಕಾಡುಗಳೂ ನೆರಳಿನ ತೋಟಗಳೂ ಸಹಾಯವಾಗಿವೆ. ಜಲಾಶಯಕ್ಕೆ ಹೂಳು ತುಂಬುವುದನ್ನೂ ಅವು ತಡೆಯುತ್ತವೆ. ಒಂದು ಜಾತಿಯ ಹಕ್ಕಿಯು ಹೋದರೆ ಮಾರನೆಯ ವರ್ಷ ಹೊಳೆ ಬತ್ತುವುದೆಂದು ಹೇಳುವುದು ಅತಿಶಯೋಕ್ತಿ. ಆದರೆ ಹಳೆಯ ಮರಗಳು ಬಿದ್ದ ಸ್ಥಳದಲ್ಲಿ ಅದೇ ಜಾತಿಯ ಹೊಸ ಮರಗಳು ಹುಟ್ಟಬೇಕಾದರೆ ಬೀಜವು ಅಲ್ಲಿಗೆ ಬರಬೇಕು. ಬೀಜವನ್ನು ತರುವವರು ಇರಬೇಕು. ಮಂಗಟ್ಟೆಯು ಗೂಡು ಮಾಡುವ ತೋಟವೆಂದರೆ ಹಳೆಯ ಮರಗಳೂ ಹಣ್ಣಿನ ಮರಗಳೂ ಇನ್ನೂ ಉಳಿದಿರುವ ತೋಟವೆಂದು ಅರ್ಥ.

ಕಾಯಿದೆಯ ವಿಷಯ

ಮರದಲ್ಲಿ ಇಂತಹ ಹಕ್ಕಿಯಿದೆಯೆಂದು ಹೊರಗೆ ತಿಳಿದರೆ ಜಮೀನನ್ನೇ ಸರ್ಕಾರವು ವಶಪಡಿಸಿಕೊಳ್ಳುವುದೆಂಬ ಭಯವು ಕೆಲವರಲ್ಲಿದೆ. ಈ ಭಯದಿಂದ ಗೂಡಿನ ಮರವನ್ನು ಗುಟ್ಟಾಗಿ ಕಡಿಯುವವರೂ ಇದ್ದರೆ ಆಶ್ಚರ್ಯವಿಲ್ಲ. ಆದುದರಿಂದ ಈ ವಿಷಯವನ್ನು ಸ್ಪಷ್ಟಪಡಿಸುವುದು ಅವಶ್ಯ.

ಮೇಲೆ ಹೇಳಿದ ಕೆಂಪು ಪಟ್ಟಿಯು ಕಾನೂನಲ್ಲ; ಅದೊಂದು ಎಚ್ಚರಿಕೆ. ಅದರಲ್ಲಿ ಹಕ್ಕಿಯ ಹೆಸರು ಸೇರಿದ ಮಾತ್ರಕ್ಕೆ ಯಾರ ಜಮೀನಿನ ಹಕ್ಕೂ ಬದಲಾಗುವುದಿಲ್ಲ. ಕಾನೂನಿನ ರಕ್ಷಣೆಯು ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ಬಂದುದು. ಅದರ ಪ್ರಕಾರ ಮಂಗಟ್ಟೆಯನ್ನು ಕೊಲ್ಲುವುದೂ ಹಿಡಿಯುವುದೂ ಸಾಕುವುದೂ, ಅದರ ಮೊಟ್ಟೆಗಳನ್ನು ತೆಗೆಯುವುದೂ ಗೂಡನ್ನು ಕೆಡಿಸುವುದೂ ಅಪರಾಧ. ಸೆರೆಮನೆವಾಸವನ್ನೂ ದಂಡವನ್ನೂ ವಿಧಿಸಬಹುದು. ಈ ಕಾಯಿದೆಯು ಹಕ್ಕಿಯನ್ನೂ ಅದರ ಗೂಡನ್ನೂ ಕಾಯುವುದೇ ಹೊರತು, ಗೂಡಿದೆಯೆಂಬ ಕಾರಣದಿಂದ ಮರದ ಒಡೆತನವನ್ನು ತೆಗೆದುಕೊಳ್ಳುವುದಿಲ್ಲ. ಮರವನ್ನು ಕಡಿಯುವ ವಿಷಯವು ಮೇಲೆ ಹೇಳಿದ ೧೯೭೬ರ ಕಾಯಿದೆಗೆ ಸೇರಿದುದು.

ಇದಲ್ಲದೆ ೨೦೦೨ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಗ್ರಾಮ ಪಂಚಾಯತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಯಿರತಕ್ಕದ್ದು. ಊರಿನ ಮರ, ಗಿಡ, ಪ್ರಾಣಿ, ಪಕ್ಷಿಗಳನ್ನು ಒಂದು ದಾಖಲೆಯ ಪುಸ್ತಕದಲ್ಲಿ ಬರೆಯಿಸುವುದು ಅದರ ಕೆಲಸಗಳಲ್ಲೊಂದು. ಅನೇಕ ಕಡೆ ಈ ಪುಸ್ತಕವನ್ನು ಒಮ್ಮೆ ಬರೆದು ಕಪಾಟಿನಲ್ಲಿಡುವುದುಂಟು. ಗ್ರಾಮದ ಮುಖಂಡರು ಮನಸ್ಸು ಮಾಡಿದರೆ ಅದನ್ನು ಉಪಯೋಗಕ್ಕೆ ತರಬಹುದು.

ಮಾಡತಕ್ಕ ಕೆಲಸಗಳು

ಮಲೆನಾಡಿನಲ್ಲಿ ತೋಟವುಳ್ಳವರು ಈ ಕೆಳಗಿನ ಅಂಶಗಳನ್ನು ಅನುಸರಿಸಬಹುದು.

೧. ಮರಗಸಿಗೆ ಮುಂಚೆ ತೋಟದ ದೊಡ್ಡ ಮರಗಳನ್ನು ಒಮ್ಮೆ ನೋಡಿಬರತಕ್ಕದ್ದು. ಬುಡದಲ್ಲಿ ಕಾಡುಹಣ್ಣಿನ ಬೀಜಗಳೂ ಹಿಕ್ಕೆಯೂ ರಾಶಿಯಾಗಿ ಬಿದ್ದಿದ್ದರೆ, ಮೇಲೆ ಮೆತ್ತಿದ ಪೊಟರೆಯಲ್ಲಿ ಸೀಳು ಕಂಡರೆ, ಒಂದೇ ಗಂಡು ಹಕ್ಕಿಯು ಮತ್ತೆ ಮತ್ತೆ ಅದೇ ಮರಕ್ಕೆ ಬಂದು ಹೋಗುತ್ತಿದ್ದರೆ, ಒಳಗೆ ಗೂಡಿದೆಯೆಂದು ತಿಳಿಯಬೇಕು. ಅಂತಹ ಮರಕ್ಕೆ ಸುಣ್ಣದ ಗುರುತು ಹಾಕಿಸಿ, ಮೇ ತಿಂಗಳು ಕಳೆಯುವ ತನಕ ಅದರ ಮೇಲೆ ಕತ್ತಿ ಹಾಕಿಸಬಾರದು. ಬುಡದಲ್ಲಿ ಗುಂಪು ಸೇರುವುದೂ ಮರ ಹತ್ತಿ ಇಣುಕುವುದೂ ಕೂಡದು.

೨. ಪೊಟರೆಯುಳ್ಳ ಹಳೆಯ ಮರವು ಮನೆಗೂ ಆಳುಗಳು ಓಡಾಡುವ ದಾರಿಗೂ ಅಪಾಯವಿಲ್ಲದ ಸ್ಥಳದಲ್ಲಿದ್ದರೆ ಅದನ್ನು ಹಾಗೆಯೇ ನಿಲ್ಲಿಸತಕ್ಕದ್ದು. ಸೌದೆಯ ಬೆಲೆಯು ಅಲ್ಪ; ಹೋದ ಪೊಟರೆಯು ಮತ್ತೆ ಬರುವುದಿಲ್ಲ. ಅಪಾಯಕರವಾದ ಕೊಂಬೆಯಿದ್ದರೆ ಕೊಂಬೆಯನ್ನು ಮಾತ್ರ ತೆಗೆಯಿಸಿ ಬೊಡ್ಡೆಯನ್ನು ಉಳಿಸಬಹುದು.

೩. ಬಿದ್ದ ಮರದ ಸ್ಥಳಕ್ಕೆ ಸಿಲ್ವರ್ ಓಕನ್ನೇ ಹಾಕದೆ, ನಡುನಡುವೆ ಅತ್ತಿ, ಬಸರಿ, ಗೋಣಿ, ನೇರಳೆ, ಹಲಸುಗಳನ್ನೂ ಬೆಳೆಸತಕ್ಕದ್ದು. ಅತ್ತಿಯ ಜಾತಿಯ ಮರಗಳೆಲ್ಲವೂ ಒಂದೇ ಕಾಲಕ್ಕೆ ಹಣ್ಣು ಬಿಡುವುದಿಲ್ಲ. ಒಂದು ಮರವು ಮುಗಿದಾಗ ಇನ್ನೊಂದು ಹಣ್ಣಾಗುತ್ತದೆ. ಆದುದರಿಂದ ಬೇರೆ ಹಣ್ಣುಗಳಿಲ್ಲದ ತಿಂಗಳುಗಳಲ್ಲಿಯೂ ಹಕ್ಕಿಗಳಿಗೆ ಆಹಾರ ದೊರೆಯುವುದು. ಇವು ಕಾಫಿಗೆ ಒಳ್ಳೆಯ ಶಾಶ್ವತ ನೆರಳಿನ ಮರಗಳೆಂದು ಬಹುಕಾಲದಿಂದ ಹೆಸರಾಗಿವೆ.

೪. ತೋಟದ ಪಕ್ಕದಲ್ಲಿ ದೇವರಕಾಡು ಇದ್ದರೆ ಅದರ ಎಲ್ಲೆಯನ್ನು ಒತ್ತಬಾರದು. ಎಷ್ಟೋ ಊರುಗಳಲ್ಲಿ ಅತಿ ಹಳೆಯ ಮರಗಳು ಅಲ್ಲಿ ಮಾತ್ರ ಉಳಿದಿವೆ.

ಮೈದಾನದ ತಾಲ್ಲೂಕುಗಳಲ್ಲಿ ಈ ಹಕ್ಕಿಯ ಗೂಡನ್ನು ನಿರೀಕ್ಷಿಸುವಂತಿಲ್ಲ. ಆದರೂ ಅಲ್ಲಿಯವರು ಮಾಡಬಹುದಾದ ಕೆಲಸಗಳುಂಟು.

೧. ಅರಕಲಗೂಡು ತಾಲ್ಲೂಕಿನಲ್ಲಿ ಹೊಗೆಸೊಪ್ಪು ಮುಖ್ಯವಾದ ಬೆಳೆ; ರಾಮನಾಥಪುರದಲ್ಲಿ ಅದರ ಹರಾಜು ಕಟ್ಟೆಯಿದೆ. ಬ್ಯಾರನ್ನುಗಳಲ್ಲಿ ಸೊಪ್ಪನ್ನು ಹದ ಮಾಡಲು ಸೊಪ್ಪಿನ ತೂಕದ ಅನೇಕ ಪಾಲು ಸೌದೆ ಬೇಕಾಗುವುದು. ಆ ಸೌದೆಯು ಎಲ್ಲಿಂದ ಬರುತ್ತದೆಯೆಂದು ಕೊಳ್ಳುವಾಗ ವಿಚಾರಿಸತಕ್ಕದ್ದು. ಸ್ವಂತ ಜಮೀನಿನ ಬದುಗಳಲ್ಲಿ ಸರ್ವೆ ಮೊದಲಾದ ಬೇಗ ಬೆಳೆಯುವ ಮರಗಳನ್ನು ಹಾಕಿಕೊಂಡರೆ ಕಾಡಿನ ಹಳೆಯ ಮರವು ಉಳಿಯುವುದು, ಖರ್ಚೂ ಉಳಿಯುವುದು. ಬ್ಯಾರನ್ನಿನ ಗೋಡೆ, ಬಾಗಿಲು, ಕೊಳವೆಗಳ ಬಿರುಕುಗಳನ್ನು ಮುಚ್ಚಿ ಶಾಖವು ಪೋಲಾಗದಂತೆ ನೋಡಿಕೊಂಡರೆ ಸೌದೆಯು ಕಡಿಮೆ ಸಾಕು.

೨. ಮನೆ ಕಟ್ಟಲು ಮಲೆನಾಡಿನ ಮರವನ್ನು ಕೊಳ್ಳುವವರು ರಹದಾರಿಯಿಲ್ಲದ ಮರವನ್ನು ಅಗ್ಗವೆಂದು ಕೊಳ್ಳಬಾರದು. ಕೊಳ್ಳುವವನಿಲ್ಲದಿದ್ದರೆ ಕಡಿಯುವವನೂ ಇರುವುದಿಲ್ಲ.

೩. ಊರಿನ ಗುಂಡುತೋಪುಗಳಲ್ಲಿಯೂ ಕೆರೆಯ ಏರಿಯ ಬಳಿಯಲ್ಲಿಯೂ ನಿಂತಿರುವ ಹಳೆಯ ಆಲ, ಅತ್ತಿ, ಬಸರಿ, ನೇರಳೆಯ ಮರಗಳನ್ನು ಪಂಚಾಯತಿಯ ದಾಖಲೆಯಲ್ಲಿ ಒಂದೊಂದಾಗಿ ಬರೆಯಿಸತಕ್ಕದ್ದು. ಅಲ್ಲಿಗೆ ಮಂಗಟ್ಟೆಯು ಬಾರದಿದ್ದರೂ ಕುಟ್ರ ಹಕ್ಕಿ, ಕೋಗಿಲೆ, ಗೂಬೆ, ಗಿಳಿಗಳು ಅವುಗಳನ್ನು ಆಶ್ರಯಿಸಿವೆ. ಇಲಿಗಳನ್ನು ತಿನ್ನುವ ಗೂಬೆಗೆ ಪೊಟರೆಯನ್ನು ಬಿಡುವುದು ರಾಗಿ, ಭತ್ತಗಳ ಬೆಳೆಗಾರನಿಗೆ ಲಾಭವೇ ಸರಿ.

ಹತ್ತಿರದ ಎರಡು ನಿದರ್ಶನಗಳು

ಇವೆಲ್ಲವೂ ಹೇಳುವುದಕ್ಕೆ ಸುಲಭ, ನಡೆಯಿಸುವುದಕ್ಕೆ ಕಷ್ಟವೆಂದು ಹೇಳುವವರಿಗೆ ದೂರದ ದೇಶಗಳ ಉದಾಹರಣೆ ಬೇಕಾಗಿಲ್ಲ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿಯ ವಹ್ನಿ ಪುಷ್ಕರಿಣಿಯ ಬಳಿ ಮೀನುಗಳನ್ನು ಯಾರೂ ಹಿಡಿಯುವುದಿಲ್ಲ. ಯಾತ್ರಿಕರು ಅವಕ್ಕೆ ಆಹಾರವನ್ನು ಹಾಕುತ್ತಾರೆ. ಊರಿನ ಕಟ್ಟುಪಾಡು ಅಲ್ಲಿ ಕಾವಲುಗಾರನ ಕೆಲಸವನ್ನು ಮಾಡುತ್ತಿದೆ.

ಎರಡನೆಯ ನಿದರ್ಶನವು ಜಮೀನುದಾರರಿಗೆ ಇನ್ನೂ ಹತ್ತಿರವಾದುದು. ಮಂಡ್ಯದ ಜಿಲ್ಲೆಯ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಕೊಕ್ಕರೆಗಳೂ ಊರೊಳಗಿನ ಹುಣಿಸೆ, ಅತ್ತಿ ಜಾತಿಯ ಮರಗಳ ಮೇಲೆ ಗೂಡು ಕಟ್ಟುತ್ತವೆ. ಆ ಮರಗಳಲ್ಲಿ ಅನೇಕವು ರೈತರ ಸ್ವಂತ ಮರಗಳು. ಗೂಡುಗಳಿರುವಾಗ ಹುಣಿಸೆಯ ಫಸಲನ್ನು ಬಿಟ್ಟುಕೊಡಬೇಕಾಗುವುದರಿಂದ ಅರಣ್ಯ ಇಲಾಖೆಯು ಮರದ ಒಡೆಯರಿಗೆ ಪರಿಹಾರ ಕೊಡುವ ಏರ್ಪಾಡನ್ನು ಮಾಡಿತು. ಮರದ ಕೆಳಗೆ ಬೀಳುವ ಹಿಕ್ಕೆಯನ್ನು ಮಣ್ಣಿನೊಡನೆ ಬೆರೆಸಿ ಗೊಬ್ಬರವಾಗಿ ಹೊಲಕ್ಕೆ ಹಾಕುವ ರೂಢಿಯೂ ಅಲ್ಲಿ ಇದ್ದಿತು. ೨೦೦೭ರಲ್ಲಿ ಆ ಸ್ಥಳವನ್ನು ಸಮುದಾಯ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ಮರವು ರೈತನದಾಗಿಯೂ ಹಕ್ಕಿಯು ಸುರಕ್ಷಿತವಾಗಿಯೂ ಇರಬಹುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಬೂದು ಮಂಗಟ್ಟೆಯು ಕೊಕ್ಕರೆಗಳಂತೆ ಗುಂಪಾಗಿ ಗೂಡು ಕಟ್ಟುವುದಿಲ್ಲ. ತೋಟಕ್ಕೊಂದು ಎರಡು ಗೂಡುಗಳಿದ್ದರೆ ಹೆಚ್ಚು. ಆದುದರಿಂದ ಒಬ್ಬೊಬ್ಬ ಜಮೀನುದಾರನೂ ಕೈಬಿಡಬೇಕಾದ ಲಾಭವು ಅಲ್ಪವಾದುದು. ಆದರೆ ಅನೇಕ ತೋಟಗಳವರು ಒಪ್ಪಿ ನಡೆದರೆ ಮಾತ್ರ ಫಲವು ಸಿಕ್ಕುವುದು.

ಕಾಡಿನ ಒಳಗಿರುವ ಗೂಡುಗಳನ್ನು ಅರಣ್ಯ ಇಲಾಖೆಯವರು ಕಾಯಬಹುದು. ತೋಟದ ಮರಗಳನ್ನು ಒಂದೊಂದಾಗಿ ಕಾಯಲು ಯಾವ ಇಲಾಖೆಗೂ ಸಾಧ್ಯವಿಲ್ಲ. ಮರದ ಬುಡದಲ್ಲಿ ಕೊಡಲಿ ಹಿಡಿದು ನಿಂತ ಆಳು ತಲೆಯೆತ್ತಿ ಯಜಮಾನನ ಮುಖವನ್ನು ನೋಡುವಾಗ, ಕಡಿ ಎನ್ನುವುದೂ ಬಿಡು ಎನ್ನುವುದೂ ಯಜಮಾನನೇ. ಆದುದರಿಂದ ಗ್ರಾಮದ ಮುಖಂಡರು ಈ ವಿಷಯವನ್ನು ಕಾಫಿಯ ಕೊಯ್ಲು ಮುಗಿಯುವ ಮುನ್ನ ತಮ್ಮ ಊರಿನ ತೋಟಗಾರರಿಗೂ ಮರಗಸಿಯ ಮೇಸ್ತ್ರಿಗಳಿಗೂ ಓದಿ ತಿಳಿಸಬೇಕೆಂದೂ, ಹಳೆಯ ಪೊಟರೆಯ ಮರಗಳನ್ನು ಪಂಚಾಯತಿಯ ದಾಖಲೆಗೆ ಸೇರಿಸುವ ಕೆಲಸವನ್ನು ಮುಂದಿನ ಸಭೆಯಲ್ಲಿಯೇ ಆರಂಭಿಸಬೇಕೆಂದೂ ಕೋರಲಾಗಿದೆ.